ಮೀನಿಗೆ ಬಿಟ್ಟದ್ದು ತಿರುಗುಬಾಣವಾಗದಿರಲಿ

ಮಿಶ್ರ ಮೀನು ಸಾಕಣೆ ಮಾಡುವ ಕರ್ನಾಟಕದ ರೈತರಿಗೆ ಬೆಳ್ಳಿ ಗೆಂಡೆ ಹೊಸದಲ್ಲ. ಕಾಟ್ಲಾ, ರೋಹು, ಮೃಗಾಲ್ ಮರಿಗಳ ಜೊತೆ ಹೊಂಡಕ್ಕೆ ಬಿಟ್ಟರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು ತನ್ನ ಪಾಡಿಗೆ ತಾನು ಬೆಳೆಯುವ ಸಾಧು ಮೀನು ಅದು. ಅದೇ ಮೀನು ಅಮೆರಿಕದ ಇಲಿನಾಯ್ ನದಿಯಲ್ಲಿ ಸರ್ಕಾರಕ್ಕೇ ತಲೆನೋವು. 1970ರ ದಶಕದ ಆರಂಭದಲ್ಲಿ ಅರ್ಕಾನ್ಸಾ ರಾಜ್ಯಕ್ಕೆ ತಂದು ಸಾಕಿದ ಗೆಂಡೆಗಳು ಹೊಂಡ ದಾಟಿ ಮಿಸಿಸಿಪ್ಪಿ ಸೇರಿದವು, ಅಲ್ಲಿಂದ ಉಪನದಿಗಳಿಗೂ ನುಗ್ಗಿದವು. ಈಗ ಪಿಯೋರಿಯಾ, ಹವಾನಾ ಊರುಗಳ ಬಳಿ ಮೋಟಾರ್ ದೋಣಿ ಹೊರಟರೆ ಸದ್ದಿಗೆ ಬೆಚ್ಚಿದ ಮೀನುಗಳು ಎಂಟು–ಹತ್ತು ಅಡಿ ಎತ್ತರಕ್ಕೆ ಚಿಮ್ಮುತ್ತವೆ. ಮುಖಕ್ಕೆ ಬಡಿಸಿಕೊಂಡು ಮೂಗು, ದವಡೆ ಮುರಿದುಕೊಂಡವರಿದ್ದಾರೆ. ಅಲ್ಲಿಯ ಬಾತ್ ಎಂಬ ಸಣ್ಣ ಊರಿನ ಗೆಂಡೆ ಹಿಡಿಯುವ ಸ್ಪರ್ಧೆಗೆ ಜನ ಹೆಲ್ಮೆಟ್ ಹಾಕಿಕೊಂಡು ದೋಣಿ ಹತ್ತುತ್ತಾರೆ.

ಈ ಗೆಂಡೆಗಳನ್ನು ಕಡಿಮೆ ಮಾಡಲು ಅಲ್ಲಿನ ಸರ್ಕಾರಗಳು ಮಾಡದ ಉಪಾಯವಿಲ್ಲ. ಮಿಷಿಗನ್ ಸರೋವರದ ಕಡೆಗೆ ಹೋಗದಂತೆ ಷಿಕಾಗೊ ಬಳಿಯ ಕಾಲುವೆಯಲ್ಲಿ ವಿದ್ಯುತ್ ತಡೆ ಹಾಕಿದರು. ಜನ ತಿನ್ನಲಿ ಎಂದು 2022ರಲ್ಲಿ 'ಕೋಪಿ' ಎಂಬ ಹೊಸ ಹೆಸರನ್ನೂ ಇಟ್ಟರು. ಇದರ ನಡುವೆ ಬಿಲ್ಲು ಹಿಡಿದು ಮೀನು ಹೊಡೆಯುವ ಹವ್ಯಾಸ, ಅಲ್ಲಿನವರ ಮಾತಿನಲ್ಲಿ 'ಬೋಫಿಶಿಂಗ್', ಚೆನ್ನಾಗಿ ಬೇರೂರಿದೆ. ಗೆಂಡೆ, ಗಾರ್‌ನಂಥ ಮೀನುಗಳನ್ನು ಬಿಲ್ಲಿನಿಂದ ಹೊಡೆಯಲು ಹಲವು ರಾಜ್ಯಗಳು ಬಿಡುತ್ತವೆ. ಮೀನುಗಾರಿಕೆಯ ಲೈಸೆನ್ಸ್ ಮಾತ್ರ ಬೇಕೇ ಬೇಕು. ಷಿಕಾಗೊ, ಸೇಂಟ್ ಲೂಯಿಸ್, ಡಲ್ಲಾಸ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಇಂಥ ನದಿಗಳು ವಾರಾಂತ್ಯದಲ್ಲಿ ಹೋಗಿ ಬರುವಷ್ಟು ಹತ್ತಿರ. ಸಹೋದ್ಯೋಗಿಯ ದೋಣಿಯಲ್ಲೋ ಬಾಡಿಗೆ ಗೈಡ್ ಜೊತೆಗೋ ಮೊದಲ ಬಾರಿ ಹೊರಡುವವರಿಗಾಗಿ ಈ ಬರಹ.

ಕರ್ನಾಟಕದಲ್ಲೇ ಕುಳಿತು ಓದುವವರು ಬಿಲ್ಲು ತೆಗೆದುಕೊಂಡು ಊರ ಕೆರೆಗೆ ಹೊರಡಬೇಡಿ. ಇಲ್ಲಿ ಕೆರೆಗಳು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಹೋಗಿರುತ್ತವೆ. ಅಲ್ಲಿಯ ಗೆಂಡೆ ಯಾರದೋ ಬೆಳೆ.

ಅಪಾಯ ಮೊನೆಯಲ್ಲಲ್ಲ, ದಾರದಲ್ಲಿ

ಬಿಲ್ಲಿನಿಂದ ಮೀನು ಹೊಡೆಯುವುದು ಹಳೆಯ ವಿದ್ಯೆ. ಅಂಡಮಾನಿನ ಜಾರವರು, ಸೆಂಟಿನೆಲಿಯರು ಕಡಲಂಚಿನ ತೆಳುನೀರಿನಲ್ಲಿ ನಿಂತು ಇಂದಿಗೂ ಹೀಗೆಯೇ ಮೀನು ಹೊಡೆಯುತ್ತಾರೆ. ಅಮೆರಿಕದ ಹವ್ಯಾಸಿಗಳು ಮಾಡಿಕೊಂಡ ದೊಡ್ಡ ಬದಲಾವಣೆಯೆಂದರೆ ಬಿಲ್ಲಿಗೆ ರೀಲು, ಬಾಣಕ್ಕೆ ದಾರ. ಬಾಣ ತಗುಲಿದ ಮೀನನ್ನು ದಾರ ಎಳೆದು ದೋಣಿಗೆ ತಂದುಕೊಳ್ಳಬಹುದು, ಗುರಿ ತಪ್ಪಿದರೂ ಬಾಣ ಕಳೆದುಹೋಗುವುದಿಲ್ಲ.

ಅಪಾಯ ಹುಟ್ಟುವುದೂ ಅಲ್ಲಿಯೇ. ಬೇಟೆಗೆ ಬಿಟ್ಟ ಮಾಮೂಲಿ ಬಾಣ ಮುಂದೆ ಹೋಗುತ್ತದೆ, ಅಷ್ಟೇ. ದಾರ ಕಟ್ಟಿದ ಬಾಣಕ್ಕೆ ಹಿಂದಿರುಗುವ ದಾರಿಯೂ ಇರುತ್ತದೆ. ಹೊಸಬರು ಮೊನೆಯ ಚೂಪು ನೋಡಿ ಹೆದರುತ್ತಾರೆ, ದಾರವನ್ನು ಗಮನಿಸುವುದಿಲ್ಲ. ಪಳಗಿದವರ ಕಣ್ಣು ಮೊದಲು ಹೋಗುವುದೇ ದಾರದ ಕಡೆಗೆ.

ಹಿಂದೆಲ್ಲ ಬಾಣದ ಹಿಂತುದಿಯಲ್ಲಿ, ಹೆದೆ ಕೂರುವ ಕಚ್ಚಿನ ಪಕ್ಕದಲ್ಲೇ ತೂತು ಕೊರೆದು ದಾರ ಕಟ್ಟುತ್ತಿದ್ದರು. ಹೆದೆಯನ್ನು ಪೂರ್ತಿ ಎಳೆದಾಗ ಬಾಣದ ಹಿಂತುದಿ ಬಿಲ್ಲಿನಿಂದ ಹಿಂದಕ್ಕೆ, ಕೆನ್ನೆಯ ಹತ್ತಿರಕ್ಕೆ ಬರುತ್ತದಲ್ಲ? ಅದರ ಜೊತೆ ದಾರವೂ ಬರುತ್ತದೆ. ಆಗ ರೀಲಿನಿಂದ ಬಾಣದ ಬಾಲದವರೆಗೆ ದಾರ ಸಡಿಲವಾಗಿ ಜೋತುಬೀಳುತ್ತದೆ. ಆ ಸಡಿಲ ಕುಣಿಕೆ ಹೆದೆಗೆ ಸುತ್ತಿಕೊಳ್ಳಬಹುದು; ಕಾಂಪೌಂಡ್ ಬಿಲ್ಲಾದರೆ ಅದರ ಕೇಬಲ್ಲಿಗೆ, ಇಲ್ಲವೇ ಕೈಗಡಿಯಾರಕ್ಕೆ, ಅಂಗಿಯ ಗುಂಡಿಗೆ ಸಿಕ್ಕಿಕೊಳ್ಳಬಹುದು. ಗಾಳಿ ಬೀಸುತ್ತಿದ್ದರೆ ಕೇಳುವುದೇ ಬೇಡ.

ಬೆರಳು ಬಿಟ್ಟಾಗ ಬಾಣ ಸೆಕೆಂಡಿಗೆ 100 ಅಡಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಹೆದೆಗೆ ಸಿಕ್ಕಿಕೊಂಡ ದಾರ ಕೆಲವೇ ಅಡಿಗಳಲ್ಲಿ ಬಿಗಿಯಾಗಿ ಬಾಣವನ್ನು ಜಗ್ಗಿ ನಿಲ್ಲಿಸುತ್ತದೆ. ಅಷ್ಟು ವೇಗದ, ಅಷ್ಟು ತೂಕದ ವಸ್ತುವಿನ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದೋ ದಾರ ಹರಿಯುತ್ತದೆ, ಇಲ್ಲವೇ ಹಿಗ್ಗಿದ ದಾರ ಬಾಣವನ್ನು ಬಂದ ದಾರಿಯಲ್ಲೇ ಎಸೆಯುತ್ತದೆ. ಬಿಟ್ಟವರ ಮುಖ, ಎದೆ ಅದೇ ದಾರಿಯಲ್ಲಿರುತ್ತದೆ. ತಪ್ಪಿಸಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಹೀಗೆ ತಿರುಗಿ ಬಂದ ಬಾಣದಿಂದ ಕಣ್ಣು ಕಳೆದುಕೊಂಡವರು, ಪ್ರಾಣವನ್ನೇ ಕಳೆದುಕೊಂಡವರು ಇದ್ದಾರೆ.

ಇದಕ್ಕೆ ಸಿಕ್ಕ ಪರಿಹಾರ ಬೆರಳ ತುದಿಯಷ್ಟು ಚಿಕ್ಕದು. ಹೆಸರು 'ಸೇಫ್ಟಿ ಸ್ಲೈಡ್'. ಬಾಣದ ಕಾಂಡದ ಮೇಲೆ ಹಿಂದೆ ಮುಂದೆ ಸಲೀಸಾಗಿ ಓಡಾಡುವ ಒಂದು ಬಳೆ. ದಾರ ಕಟ್ಟುವುದು ಬಾಣಕ್ಕಲ್ಲ, ಈ ಬಳೆಗೆ. ಹೆದೆ ಎಳೆದು ನಿಂತಾಗಲೂ ಬಳೆ ಬಿಲ್ಲಿನ ಮುಂದುಗಡೆಯೇ ಇರುತ್ತದೆ, ಹಾಗಾಗಿ ದಾರವೂ ಮುಂದೆಯೇ ಉಳಿದು ಹೆದೆಯ ಹತ್ತಿರ ಸುಳಿಯುವುದಿಲ್ಲ. ಬಾಣ ಬಿಟ್ಟಾಗ ಕಾಂಡ ಬಳೆಯೊಳಗಿಂದ ಜಾರಿ ಮುಂದಕ್ಕೆ ಹೋಗುತ್ತದೆ. ಬಾಲದ ಹತ್ತಿರವಿರುವ ತಡೆಗೆ ಬಳೆ ತಾಗಿದ ಮೇಲೆ ದಾರ ಬಾಣದ ಹಿಂದೆ ಹರಿಯತೊಡಗುತ್ತದೆ. ಎಷ್ಟು ಸರಳ ನೋಡಿ! ಇಂಥ ಸ್ಲೈಡ್ ಕೂಡಿಸಿದ ಬಾಣಗಳು ಈಗ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತವೆ.

ಆದರೆ ಸ್ಲೈಡ್ ಇದೆ ಎಂದಾಕ್ಷಣ ನಿಶ್ಚಿಂತೆಯಿಂದ ಇರುವಂತಿಲ್ಲ. ಬಾಲದ ಬಳಿಯ ತಡೆಯ ಸ್ಕ್ರೂ ಸಡಿಲವಾದರೆ ಬಳೆ ಕಳಚಿ ಬಾಣ ನದಿಪಾಲು. ಮಣ್ಣು, ಮೀನಿನ ಲೋಳೆ ಮೆತ್ತಿಕೊಂಡರೆ ಬಳೆ ಕಾಂಡದ ಮಧ್ಯೆಯೇ ಕಚ್ಚಿ ನಿಲ್ಲುತ್ತದೆ. ಬಾಣ ಹೂಡುವ ಮೊದಲು ಬಳೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ, ಅದು ಬಿಲ್ಲಿನ ಮುಂದೆ ಕೂತದ್ದನ್ನು ಕಣ್ಣಾರೆ ನೋಡುವುದು ಪ್ರತಿ ಸಲದ ಅಭ್ಯಾಸವಾಗಬೇಕು. ರಾತ್ರಿ ಹೊತ್ತು, ಮೀನು ಕಂಡ ಉಮೇದಿನಲ್ಲಿ ಬಿಟ್ಟುಹೋಗುವುದು ಈ ಒಂದು ಕೆಲಸವೇ.

ರೀಲಿನಲ್ಲೂ ಮೂರು ಬಗೆ

ಹಳೆಯದು ಕೈಯಲ್ಲಿ ಸುತ್ತುವ ಡ್ರಮ್. ಮೀನು ತಗುಲಿದ ಮೇಲೆ ದಾರವನ್ನು ಕೈಯಿಂದಲೇ ಎಳೆದು, ಮತ್ತೆ ಸುತ್ತಿಕೊಳ್ಳಬೇಕು. ಅಗ್ಗ, ಕೆಡುವ ಭಾಗಗಳೂ ಕಡಿಮೆ. ಆದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಹೊತ್ತು ಹಿಡಿಯುತ್ತದೆ.

ಎರಡನೆಯದು ಗಾಳ ಹಾಕುವವರಿಗೆ ಗೊತ್ತಿರುವ ಸ್ಪಿನ್‌ಕ್ಯಾಸ್ಟ್ ರೀಲು. ಇದರಲ್ಲಿ ಬಾಣ ಬಿಡುವ ಮೊದಲು ಹಿಂದಿನ ಗುಂಡಿ ಒತ್ತಿ ದಾರಕ್ಕೆ ಬಿಡುಗಡೆ ಕೊಡಬೇಕು. ಗುಂಡಿ ಒತ್ತಲು ಮರೆತಿರೋ, ದಾರ ಹೊರಡುವುದಿಲ್ಲ. ಹಾರಿದ ಬಾಣ ದಾರ ಹರಿದುಕೊಂಡು ಹೋಗುತ್ತದೆ ಅಥವಾ ಹಿಂದಕ್ಕೆ ಜಗ್ಗಿಸಿಕೊಳ್ಳುತ್ತದೆ. ಸ್ಲೈಡ್ ಇದ್ದರೂ ಈ ತಪ್ಪಿನಿಂದ ರಕ್ಷಣೆ ಸಿಗುವುದಿಲ್ಲ. ವೇಗವಾಗಿ ದಾರ ಸುತ್ತಬಹುದೆಂದು ಅನುಭವಿಗಳಿಗೆ ಈ ರೀಲು ಇಷ್ಟ.

ಮೂರನೆಯದು ಬಾಟಲಿ ರೀಲು. ಬಿಲ್ಲಿನ ಪಕ್ಕಕ್ಕೆ ಜೋಡಿಸಿದ ಉದ್ದನೆಯ ಪ್ಲಾಸ್ಟಿಕ್ ಬಾಟಲಿಯೊಳಗೆ ದಾರ ಸಡಿಲವಾಗಿ ಬಿದ್ದಿರುತ್ತದೆ, ಬಾಣದ ಜೊತೆ ತಡೆಯಿಲ್ಲದೆ ಹೊರಗೆ ಹರಿಯುತ್ತದೆ. ಒತ್ತಬೇಕಾದ ಗುಂಡಿ ಇಲ್ಲ, ಹಾಗಾಗಿ ಮರೆಯುವ ಮಾತೂ ಇಲ್ಲ. ಹೊಸಬರಿಗೆ ಬಾಟಲಿ ರೀಲೇ ಸರಿ. ನಿಧಾನ ಎಂದು ಪಕ್ಕದವರು ಹಾಸ್ಯ ಮಾಡಿದರೆ ಮಾಡಲಿ.

ದಾರದ ವಿಚಾರದಲ್ಲಿ ಉಳಿತಾಯ ನೋಡಬಾರದು. ಹಿಗ್ಗುವ ದಾರ ಶಕ್ತಿಯನ್ನು ಕೂಡಿಟ್ಟುಕೊಂಡು ವಾಪಸು ಕೊಡುತ್ತದೆ, ಆದ್ದರಿಂದ ಗಾಳದ ಒಂಟಿ ಎಳೆ ನೈಲಾನ್ ಇಲ್ಲಿ ಕೆಲಸಕ್ಕೆ ಬಾರದು. ಹೆಣೆದ ದಾರವೇ ಬೇಕು. ಬಾಟಲಿ ರೀಲಿಗೆ 200 ಪೌಂಡ್ ಭಾರ ತಡೆಯುವ ದಾರ ಸಾಮಾನ್ಯ. ಕಲ್ಲು, ಮರದ ಬೇರಿಗೆ ಉಜ್ಜಿ ಮೊದಲು ಸವೆಯುವುದು ಬಾಣದ ಪಕ್ಕದ ಎರಡು ಮೂರು ಅಡಿ. ಅಲ್ಲಿ ನೂಲು ಎದ್ದಂತೆ ಕಂಡರೆ ಅಷ್ಟನ್ನೂ ಕತ್ತರಿಸಿ ಎಸೆದು ಹೊಸದಾಗಿ ಗಂಟು ಹಾಕಬೇಕು.

ಬಾಣ, ಬಿಲ್ಲು, ಬೆರಳು

ಸ್ಪರ್ಧೆಗಳಲ್ಲಿ ಬಳಸುವ ಕಾರ್ಬನ್ ಬಾಣದ ತೂಕ ಸಾಮಾನ್ಯವಾಗಿ 20–25 ಗ್ರಾಂ ಆಸುಪಾಸು. ಮೀನಿನ ಬಾಣ ಗಟ್ಟಿ ಫೈಬರ್‌ಗ್ಲಾಸಿನದು. ಮೊನೆಯೂ ಸೇರಿ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಗರಿ ಇರುವುದಿಲ್ಲ. ನೀರನ್ನು ಸೀಳಿಕೊಂಡು ಹೋಗಲು ಆ ತೂಕ ಬೇಕು. ಮನೆಯಲ್ಲಿರುವ ಮಾಮೂಲಿ ಬಾಣಕ್ಕೆ ದಾರ ಕಟ್ಟಿ ಪ್ರಯೋಗ ಮಾಡುವುದು ಶುದ್ಧ ಹುಚ್ಚು.

ಫೈಬರ್‌ಗ್ಲಾಸ್ ಕಲ್ಲಿಗೆ ಬಡಿದರೆ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣದು. ಹಾಗೆ ಬಿರುಕು ಬಿಟ್ಟ ಬಾಣ ಹೆದೆಯ ಹೊಡೆತಕ್ಕೆ ಬಿಲ್ಲಿನಲ್ಲೇ ಮುರಿದರೆ ಚೂರು ನೇರ ಬಿಲ್ಲು ಹಿಡಿದ ಕೈಗೆ ನುಗ್ಗುತ್ತದೆ. ಪರೀಕ್ಷಿಸುವುದು ಕಷ್ಟವಲ್ಲ. ಎರಡೂ ತುದಿ ಹಿಡಿದು ಮೈಯಿಂದ ದೂರವಿಟ್ಟು ಸ್ವಲ್ಪ ಬಾಗಿಸಿ, ತಿರುಗಿಸಿ ಇನ್ನೊಂದು ಕಡೆಗೂ ಬಾಗಿಸಿ, ಕಿವಿಗೊಟ್ಟು ಕೇಳಬೇಕು. ಚಟಚಟ ಸದ್ದು ಬಂದರೆ ಆ ಬಾಣದ ಆಯುಷ್ಯ ಮುಗಿಯಿತು. ಆಮೇಲೆ ಒಂದು ತುಂಡು ಹತ್ತಿಯನ್ನು ಕಾಂಡದ ಉದ್ದಕ್ಕೂ ಸವರಿದರೆ, ಎದ್ದಿರುವ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಮಾತ್ರ ಸವರಬಾರದು; ಫೈಬರ್‌ಗ್ಲಾಸಿನ ಸಿಬಿರು ಚರ್ಮದೊಳಗೆ ಹೊಕ್ಕರೆ ಹುಡುಕಿ ತೆಗೆಯುವುದೇ ಕಷ್ಟ.

ಮೊನೆಗೆ ಹಿಮ್ಮುಖ ಮುಳ್ಳುಗಳಿರುತ್ತವೆ, ಚುಚ್ಚಿದ ಮೀನು ಜಾರಿ ಹೋಗದಿರಲಿ ಎಂದು. ಹಲವು ಮೊನೆಗಳಲ್ಲಿ ತುದಿಯನ್ನು ಒಂದೆರಡು ಸುತ್ತು ತಿರುಗಿಸಿದರೆ ಮುಳ್ಳು ಮುಂದಕ್ಕೆ ಮಗುಚಿ ಮೀನು ಸಲೀಸಾಗಿ ಬರುತ್ತದೆ. ತಿರುಗಿಸಿದ್ದನ್ನು ಮತ್ತೆ ಬಿಗಿ ಮಾಡಲು ಮರೆತರೆ ಮುಂದಿನ ಹೊಡೆತಕ್ಕೆ ಮೊನೆಯೇ ನೀರುಪಾಲಾಗಬಹುದು. ದೋಣಿಯಲ್ಲಿ ಬಾಣಗಳು ನೆಲದ ಮೇಲೆ ಬಿದ್ದಿರಬಾರದು. ಮೊನೆ ಕೆಳಗಾಗಿ ನಿಲ್ಲಿಸಲು ಪಿವಿಸಿ ಪೈಪಿನ ಒಂದು ತುಂಡು, ಅದಕ್ಕೊಂದು ತಳ ಇದ್ದರೆ ಸಾಕು.

ಬಿಲ್ಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಬಲವಾದಷ್ಟೂ ಒಳ್ಳೆಯದು ಎಂದು. ಮೀನಿಗೆ 30ರಿಂದ 50 ಪೌಂಡ್ ಎಳೆತ, ಅಂದರೆ ಸುಮಾರು 14ರಿಂದ 23 ಕಿಲೋ, ಧಾರಾಳವಾಯಿತು. ಒಂದೇ ರಾತ್ರಿಯಲ್ಲಿ ನೂರಾರು ಸಲ ಎಳೆಯಬೇಕಾಗುವ ಆಟವಿದು. ತೋಳು ಸೋತ ಮೇಲೆ ಹೆದೆ ತಾನಾಗಿ ಬೆರಳಿನಿಂದ ಜಾರುತ್ತದೆ. ಹಾಗೆ ಜಾರಿದಾಗ ಬಿಲ್ಲು ಯಾವ ಕಡೆ ಇತ್ತು ಎಂಬುದು ಅದೃಷ್ಟಕ್ಕೆ ಬಿಟ್ಟದ್ದು.

ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದ ಹಾಲಸ್ ವಿಲ್ಬರ್ ಆ್ಯಲನ್ ಮಿಸೌರಿ ರಾಜ್ಯದವರು. ಅವರು ಅದನ್ನು ಮಾಡಿದ್ದು ಜಿಂಕೆ ಬೇಟೆಯ ಅಗತ್ಯಕ್ಕೆ. ಪೂರ್ತಿ ಎಳೆದಾಗ ಭಾರ ಇಳಿಯುವುದರಿಂದ ಬೇಟೆಗಾರ ಕಾದು ನಿಂತು ಗುರಿ ಹಿಡಿಯಬಹುದು. ಮೀನು ಹೊಡೆಯುವವರಿಗೆ ಕಾಯುವ ಬಿಡುವಿಲ್ಲ, ಅರ್ಧ ಎಳೆದು ಹೊಡೆಯಬೇಕಾದ ಸಂದರ್ಭಗಳೇ ಹೆಚ್ಚು. ಅದಕ್ಕೇ ಇಲ್ಲಿ ಎಳೆದುದ್ದಕ್ಕೂ ಒಂದೇ ಭಾರ ಕೊಡುವ ರಾಟೆಯ ಬಿಲ್ಲು, ಅಥವಾ ರಾಟೆಯೇ ಇಲ್ಲದ ರಿಕರ್ವ್ ಬಿಲ್ಲು ಒಳ್ಳೆಯದು. ಹಳೆಯ ಬೇಟೆ ಬಿಲ್ಲನ್ನೇ ಬಳಸುವುದಾದರೆ ದಾರ ಸಿಕ್ಕಿಕೊಳ್ಳಬಹುದಾದ ಅಲಂಕಾರಗಳನ್ನೆಲ್ಲ, ಉದ್ದನೆಯ ಸ್ಟೆಬಿಲೈಸರ್, ಹೆದೆಗೆ ಕಟ್ಟಿದ ಕುಣಿಕೆ ಇತ್ಯಾದಿಯನ್ನು, ಮೊದಲು ಬಿಚ್ಚಿಡಬೇಕು. ಹೆದೆಗೆ ಎರಡು ರಬ್ಬರ್ ಕೊಳವೆ ತೊಡಿಸಿದರೆ ಬೆರಳಿಗೆ ಕೈಗವಸೂ ಬೇಕಿಲ್ಲ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಡುವ ತಮಾಷೆ ಯಾವ ಬಿಲ್ಲಿಗೂ ಆಗದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ಮೈಗೇ ಹೋಗಿ ಅದು ಸಿಡಿಯಬಹುದು.

ಮೈಮೇಲಿನ ಬಟ್ಟೆಯೂ ಸಲಕರಣೆಯೇ. ತೂಗಾಡುವ ತೋಳು, ಹೂಡಿಯ ಕೊರಳ ದಾರ, ಕೈಯ ಕಡಗ, ಬಳೆ, ಕೈಗಡಿಯಾರ ಎಲ್ಲವೂ ಕಾರಿನಲ್ಲೇ ಇರಲಿ. ಪೋಲರೈಸ್ಡ್ ಕನ್ನಡಕ ನೀರಿನ ಹೊಳಪನ್ನು ಕಳೆದು ಮೀನು ತೋರಿಸುತ್ತದೆ, ಕಣ್ಣಿಗೂ ಕಾವಲು. ರಾತ್ರಿಯಾದರೆ ಬಣ್ಣವಿಲ್ಲದ ಗಟ್ಟಿ ಕನ್ನಡಕ.

ನೀರು ಹೇಳುವ ಸುಳ್ಳು

ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೆ ಹೊಡೆದರೆ ಬಾಣ ಮೀನಿನ ಬೆನ್ನ ಮೇಲಿಂದ ಹೋಗುತ್ತದೆ. ಅಮೆರಿಕದ ಹವ್ಯಾಸಿಗಳು ಇದಕ್ಕೆ 'ಹತ್ತು–ನಾಲ್ಕು' ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ: ಮೀನು 10 ಅಡಿ ದೂರ, 1 ಅಡಿ ಆಳದಲ್ಲಿದ್ದರೆ ಕಂಡದ್ದಕ್ಕಿಂತ 4 ಇಂಚು ಕೆಳಗೆ ಗುರಿ. ಆಳ ಇಮ್ಮಡಿಯಾದರೆ ಅದೂ ಇಮ್ಮಡಿ. ಕರಾರುವಾಕ್ಕಾದ ಗಣಿತವಲ್ಲ, ಕೈಗೆ ರೂಢಿಯಾಗುವ ಅಂದಾಜು.

ಗುರಿ ತಪ್ಪಿದರೆ ಮೀನು ಹೋಯಿತು ಅಷ್ಟೇ ಅಲ್ಲವೇ ಎಂದುಕೊಳ್ಳಬಾರದು. ತೀರ ಓರೆಯಾಗಿ ಬಿಟ್ಟ ಬಾಣ ಮಕ್ಕಳು ಕೆರೆಯಲ್ಲಿ ಎಸೆಯುವ ಬಿಲ್ಲೆಗಲ್ಲಿನ ಹಾಗೆ ನೀರಿನ ಮೈಮೇಲೆ ಪುಟಿದು ಎತ್ತಲೋ ಹೋಗುತ್ತದೆ. ತೆಳುನೀರಿನಲ್ಲಿ ಕಲ್ಲಿದ್ದರೂ ಅದೇ ಕಥೆ. ಎದುರು ದಡದಲ್ಲಿ ಗಾಳ ಹಿಡಿದು ಕೂತವರಿದ್ದರೆ, ದೂರದ ಮೀನಿಗೆ ಹೊಡೆಯುವ ಆಸೆ ಬಿಡುವುದೇ ಕ್ಷೇಮ.

ಹಾರುವ ಬೆಳ್ಳಿ ಗೆಂಡೆಗೆ ಹೊಡೆಯುವುದಂತೂ ಇನ್ನೂ ಬೇರೆ ಲೆಕ್ಕ. ಇಲ್ಲಿ ಬಾಣ ನೀರಿಗಲ್ಲ, ಗಾಳಿಗೆ ಹೋಗುತ್ತದೆ. ಮೀನು ಹೆಚ್ಚಾಗಿ ಏಳುವುದು ದೋಣಿಯ ಹಿಂದೆ, ಮೋಟಾರ್ ಕಲಕಿದ ನೀರಿನಲ್ಲಿ. ಹಾಗಾಗಿ ಬಿಲ್ಲುಗಾರರು ಹಿಂಬದಿಗೆ ಮುಖ ಮಾಡಿ ನಿಂತು ಆ ಒಂದು ದಿಕ್ಕಿಗೆ ಮಾತ್ರ ಹೊಡೆಯಬೇಕು. ಮೀನು ದೋಣಿಯನ್ನೇ ದಾಟಿ ಹಾರಿತೆಂದು ಬಿಲ್ಲು ಹಿಡಿದೇ ಗಿರಕಿ ಹೊಡೆದರೆ ಪಕ್ಕದವರ ಗತಿ? ಗೆಳೆಯರ ಗುಂಪಿನಲ್ಲಿ ನಡೆಯಬಹುದಾದ ಕೆಟ್ಟ ಅಪಘಾತ ಇದೇ.

ದೋಣಿಯಲ್ಲಿ

ಬೋಫಿಶಿಂಗ್ ಹೆಚ್ಚಾಗಿ ರಾತ್ರಿಯದು. ದೋಣಿಯ ಮೂತಿಯ ಮೇಲೆ ಎತ್ತರದ ಅಟ್ಟ, ಸುತ್ತ ಪ್ರಖರ ದೀಪ, ಕೆಳಗೆ ತೆಳುನೀರು. ಅಟ್ಟಕ್ಕೆ ಸೊಂಟದ ಮಟ್ಟದ ಕಂಬಿ ಇರಲೇಬೇಕು. ದೋಣಿ ದಿಮ್ಮಿಗೆ ತಾಗಿ ಒಮ್ಮೆಲೇ ನಿಂತರೆ ಅಟ್ಟದ ಮೇಲಿದ್ದವರು ಮುಂದಕ್ಕೆ ಬೀಳುತ್ತಾರೆ, ಕೈಯಲ್ಲಿ ಬಾಣ ಹೂಡಿದ ಬಿಲ್ಲಿದ್ದರಂತೂ ದೇವರೇ ಕಾಪಾಡಬೇಕು. ದೋಣಿ ಜಾಗದಿಂದ ಜಾಗಕ್ಕೆ ಓಡುವಾಗ ಬಾಣ ಬಿಲ್ಲಿನಲ್ಲಿ ಇರಕೂಡದು. ಮೀನು ಕಣ್ಣಿಗೆ ಬಿದ್ದ ಮೇಲೆಯೇ ಹೆದೆ ಎಳೆಯುವುದು.

ಲೈಫ್ ಜಾಕೆಟ್ ಹಾಕಿಕೊಂಡರೆ ತೋಳಿಗೆ ಅಡ್ಡಿ ಎಂಬ ನೆಪ ಈಗ ನಡೆಯದು. ಬೇಕಾದಾಗ ಗಾಳಿ ತುಂಬಿಕೊಳ್ಳುವ ತೆಳು ಜಾಕೆಟ್‌ಗಳು ಬಂದಿವೆ. ಚಾಲಕ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವ ಕೊಂಡಿಯನ್ನು, 26 ಅಡಿಗಿಂತ ಚಿಕ್ಕ ದೋಣಿಗಳು ವೇಗವಾಗಿ ಓಡುವಾಗ ತೊಡಬೇಕೆಂದು ಅಮೆರಿಕದ ಕಾನೂನು 2021ರ ಏಪ್ರಿಲ್‌ನಿಂದ ಹೇಳುತ್ತದೆ. ದೀಪಕ್ಕೆ ಜನರೇಟರ್ ಇಟ್ಟಿದ್ದರೆ ಅದರ ಹೊಗೆ ಜನ ಕೂರುವ ಕಡೆಗೆ ಬರದಂತೆ ನೋಡಿಕೊಳ್ಳಬೇಕು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆನೋವು, ವಾಕರಿಕೆಯೇ ಸುಳಿವು. ಬಿಯರ್ ಡಬ್ಬಿಗಳು ದಡಕ್ಕೆ ಬಂದ ಮೇಲೆ ತೆರೆಯಲಿ.

ಬಾಣ ಕೆಸರಿಗೋ ಬೇರಿಗೋ ಕಚ್ಚಿಕೊಳ್ಳುವುದು ದಿನನಿತ್ಯದ ಮಾತು. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ದೂರದಲ್ಲಿ ನಿಂತು ದಾರವನ್ನು ಬಲವಾಗಿ ಜಗ್ಗಿದಾಗ ಬಾಣ ಒಮ್ಮೆಲೇ ಕಿತ್ತುಕೊಂಡು ಜಗ್ಗಿದವರ ಕಡೆಗೇ ಹಾರಿ ಬರುತ್ತದೆ. ದೋಣಿಯನ್ನು ಬಾಣದ ನೇರ ಮೇಲಕ್ಕೆ ತಂದು, ಮುಖ ಪಕ್ಕಕ್ಕೆ ಮಾಡಿ, ಕಾಂಡ ಹಿಡಿದು ಮೇಲಕ್ಕೆತ್ತುವುದು ಸರಿಯಾದ ಕ್ರಮ. ದಾರವನ್ನು ಯಾವ ಕಾರಣಕ್ಕೂ ಅಂಗೈಗೆ ಸುತ್ತಿಕೊಳ್ಳಬಾರದು. ಟೆಕ್ಸಸ್ ನದಿಗಳಲ್ಲಿ ಸಿಗುವ ಅಲಿಗೇಟರ್ ಗಾರ್ ನೂರು ಪೌಂಡ್ ದಾಟಿ ಬೆಳೆಯುವ ಮೀನು. ಅದು ಒಮ್ಮೆ ತಿರುಗಿ ಓಡಿದರೆ ಹೆಣೆದ ದಾರ ಬೆರಳನ್ನು ಮೂಳೆಯವರೆಗೆ ಕೊಯ್ಯುತ್ತದೆ. ಗಟ್ಟಿ ಕೈಗವಸು, ಕಾಲ ಬುಡದಲ್ಲಿ ದಾರದ ಸುರುಳಿ ಬೀಳದಂತೆ ಒಂದು ಬಕೆಟ್ಟು ಇರಲಿ. ಗಾರ್ ಹೊಡೆದು ಮನೆಗೊಯ್ಯುವವರಿಗೆ ಇನ್ನೊಂದು ಮಾತು: ಅದರ ಮಾಂಸ ತಿನ್ನಬಹುದು, ಮೊಟ್ಟೆ ವಿಷ. ಮೀನಿನ ಮೊಟ್ಟೆ ಹುರಿದು ತಿನ್ನುವ ರೂಢಿಯಿರುವ ನಮ್ಮವರು ಇದನ್ನು ಮರೆಯಬಾರದು.

ಇಷ್ಟಾಗಿಯೂ ಬಾಣ ಯಾರದಾದರೂ ಮೈಗೆ ಹೊಕ್ಕರೆ ಕೀಳಲು ಹೋಗಬೇಡಿ. ಮುಳ್ಳು ಹೊಕ್ಕ ದಾರಿಯಲ್ಲೇ ಹೊರಬರುವುದಿಲ್ಲ, ಬರುವಾಗ ಮಾಂಸ ಹರಿಯುತ್ತದೆ. ಮೊದಲು ದಾರ ಕತ್ತರಿಸಿ, ಬಾಣ ಅಲ್ಲಾಡದಂತೆ ಬಟ್ಟೆ ಸುತ್ತಿ ಆಸರೆ ಕೊಡಿ, ಗಾಯದ ಸುತ್ತ ಒತ್ತಿ ಹಿಡಿದು 911ಕ್ಕೆ ಕರೆ ಮಾಡಿ. ಚೂಪಾದ ಚಾಕು ಕೈಗೆ ಸಿಗುವ ಜಾಗದಲ್ಲಿರಬೇಕು, ಪೆಟ್ಟಿಗೆಯ ತಳದಲ್ಲಲ್ಲ. ಹೊರಡುವ ಮೊದಲೇ ನದಿಯ ಯಾವ ಭಾಗಕ್ಕೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ; ಕತ್ತಲಲ್ಲಿ ಆಂಬುಲೆನ್ಸಿಗೆ ದಾರಿ ಹೇಳುವುದು ಆಗ ಸುಲಭವಾಗುತ್ತದೆ.

ಹೊಸ ಕಿಟ್ ದುಬಾರಿ ಎಂದು ಅನೇಕರು ಸೆಕೆಂಡ್ ಹ್ಯಾಂಡ್ ಬಿಲ್ಲು ಕೊಳ್ಳುತ್ತಾರೆ, ತಪ್ಪೇನಿಲ್ಲ. ಆದರೆ ಅದರ ಜೊತೆ ಬಂದ ಬಾಣಗಳಲ್ಲಿ ಬಾಲದ ತೂತಿಗೇ ದಾರ ಕಟ್ಟಿದ್ದು ಕಂಡರೆ ಅವುಗಳನ್ನು ಬಳಸಬೇಡಿ. ಒಂದು ಸೇಫ್ಟಿ ಸ್ಲೈಡಿಗೆ ಕೆಲವೇ ಡಾಲರ್ ಸಾಕು. ಅದನ್ನು ಹಾಕಿಸುವ ತನಕ ಆ ಬಿಲ್ಲು ಗೋಡೆಯ ಮೇಲಿರಲಿ.